20,000 ರೂಪಾಯಿಯೊಳಗೆ ಬಹುಕಾಲ ಬಾಳುವ ಮೆಕ್ಯಾನಿಕಲ್ ವಾಚು: ಯಾವುದನ್ನು ಕೊಳ್ಳಲಿ?

ಮಂಡ್ಯದ ರೈಲು
ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವಳು, ಮೈಸೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ದಿನವೂ ರೈಲಿನಲ್ಲಿ ಹೋಗಿಬರುತ್ತೇನೆ. ತರಗತಿಯಲ್ಲಿ ಫೋನ್ ತೆಗೆದು ಗಂಟೆ ನೋಡುವುದು ನನಗೆ ಸರಿಕಾಣುವುದಿಲ್ಲ. ಸೆಲ್ ವಾಚು ಬೇಡ, ಸ್ಪ್ರಿಂಗಿನಿಂದ ನಡೆಯುವ ವಾಚೇ ಬೇಕು ಎಂಬುದು ಬಹಳ ದಿನದ ಆಸೆ. ನಮ್ಮ ತಂದೆಯವರು ಬೆಳಿಗ್ಗೆ ಕಾಫಿ ಕುಡಿಯುವುದಕ್ಕೆ ಮುಂಚೆ ಎಚ್‌ಎಂಟಿ ಜನತಾಕ್ಕೆ ಕೀ ಕೊಡುತ್ತಿದ್ದ ಸದ್ದು ಕೇಳುತ್ತಲೇ ನಾನು ಬೆಳೆದೆ. ಆ ವಾಚು ನಿಂತು ಆರು ವರ್ಷವಾಯಿತು, ಈಗ ಬೀರುವಿನಲ್ಲಿದೆ.

ಕೈಯಲ್ಲಿ 20,000 ರೂಪಾಯಿ ಇದೆ, ಅದಕ್ಕಿಂತ ಹೆಚ್ಚು ಹಾಕಲಾರೆ. ಮೈಸೂರಿನ ನಾಲ್ಕು ಅಂಗಡಿಗಳಿಗೆ ಹೋಗಿ ಬಂದೆ. ಹೆಂಗಸರ ವಾಚು ಎಂದ ಕೂಡಲೇ ಸೆಲ್ ಹಾಕಿದ ಬಳೆಯಂಥವನ್ನು ಮುಂದಿಡುತ್ತಾರೆ. ಕೈಯ ಓಡಾಟಕ್ಕೆ ತಾನೇ ಸ್ಪ್ರಿಂಗ್ ಸುತ್ತಿಕೊಳ್ಳುವ ಆಟೋಮ್ಯಾಟಿಕ್ ಕೇಳಿದರೆ 42 ಮಿಲಿಮೀಟರಿನ ತಟ್ಟೆಗಳನ್ನು ತೋರಿಸುತ್ತಾರೆ. ಒಬ್ಬರು 17 ಜ್ಯುವೆಲ್ ಸಾಲದು, 24 ಇರಲೇಬೇಕು ಎಂದರು. ಇನ್ನೊಬ್ಬರು ಗಾಜು ಸಫೈರ್ ಆಗಿದ್ದರೆ ಉಳಿದದ್ದನ್ನು ನೋಡುವುದೇ ಬೇಡ ಎಂದರು. ಇಪ್ಪತ್ತು ವರ್ಷ ಬಾಳುವ ವಾಚನ್ನು ಆರಿಸುವಾಗ ಮೊದಲು ಏನನ್ನು ನೋಡಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಯಾದವಗಿರಿ
ಸೀಕೊ 5 ತೆಗೆದುಕೊಳ್ಳಿ. 1963ರಿಂದ ಆ ಹೆಸರು ನಡೆದುಕೊಂಡು ಬಂದಿದೆ, ಯೋಚಿಸುವ ಅಗತ್ಯವೇ ಇಲ್ಲ.

ಹೆಬ್ಬಾಳದ ಇಂಜಿನಿಯರ್
ಯಾದವಗಿರಿಯವರೇ, ಈಗಿನ ಸೀಕೊ 5 ಸ್ಪೋರ್ಟ್ಸ್ ಮಾದರಿಗಳಲ್ಲಿ ಹೆಚ್ಚಿನವು ಮೇಡಂ ಹೇಳಿದ ಮೊತ್ತವನ್ನು ದಾಟಿವೆ, ಹಲವು 42 ಮಿ.ಮೀ. ಮೀರಿವೆ. ಹೆಸರು ಹೇಳುವುದಕ್ಕೆ ಮುಂಚೆ ಅವರು ಕೇಳಿದ್ದನ್ನು ನೋಡೋಣ.

ಮೊದಲು ಜ್ಯುವೆಲ್ ವಿಷಯ. ಜ್ಯುವೆಲ್ ಎಂದರೆ ಅಲಂಕಾರದ ಕಲ್ಲಲ್ಲ. ಚಕ್ರಗಳ ಮೊನೆ ತಿರುಗುವ ಜಾಗದಲ್ಲಿ ಸವೆತ ಕಡಿಮೆಯಾಗಲೆಂದು ಕೂರಿಸಿದ ಕೃತಕ ಮಾಣಿಕ್ಯ. ಕೈಯಿಂದ ಕೀ ಕೊಡುವ ಸಾಮಾನ್ಯ ವಾಚಿಗೆ 17 ಇದ್ದರೆ ಸವೆಯುವ ಮುಖ್ಯ ಜಾಗಗಳಿಗೆಲ್ಲ ಕಲ್ಲು ಬಿದ್ದಂತೆ. ಆಟೋಮ್ಯಾಟಿಕ್‌ನಲ್ಲಿ ಕೈ ಅಲುಗಿದಾಗ ಸ್ಪ್ರಿಂಗ್ ಸುತ್ತುವ ಚಕ್ರಗಳು ಹೆಚ್ಚಿಗೆ ಇರುವುದರಿಂದ ಸಂಖ್ಯೆ 21, 22, 24 ಎಂದು ಏರುತ್ತದೆ. 1960ರ ದಶಕದಲ್ಲಿ ಓರಿಯೆಂಟ್ ಕಂಪನಿ 100 ಜ್ಯುವೆಲ್ ಎಂದು ಡಯಲಿನ ಮೇಲೆ ಬರೆದ ವಾಚನ್ನೇ ಮಾರಿತ್ತು. ಅದರಲ್ಲಿ ಬಹುಪಾಲು ಕಲ್ಲುಗಳಿಗೆ ಮಾಡುವ ಕೆಲಸವಿರಲಿಲ್ಲ. ಆದ್ದರಿಂದ ಅಂಗಡಿಯವರ ಆ ಮಾತನ್ನು ಬಿಟ್ಟುಬಿಡಿ.

ನೋಡಬೇಕಾದದ್ದು ಒಳಗಿನ ಮಷಿನ್ ಯಾವುದು ಎಂಬುದನ್ನು. ಸೀಕೊದ 4ಆರ್36 ಇದ್ದರೆ ಕೀ ಕೊಡಬಹುದು, ಕೀ ಎಳೆದಾಗ ಸೆಕೆಂಡ್ ಮುಳ್ಳು ನಿಲ್ಲುತ್ತದೆ, ಪೂರ್ತಿ ಸುತ್ತಿದರೆ ಸುಮಾರು 41 ಗಂಟೆ ನಡೆಯುತ್ತದೆ. ಅದಕ್ಕೆ ಮುಂಚಿನ 7ಎಸ್26ರಲ್ಲಿ ಇವೆರಡೂ ಇಲ್ಲ. ಸಿಟಿಜನ್ ಕಂಪನಿಯ ಮಿಯೋಟಾ 8215 ಹತ್ತಾರು ಬ್ರ್ಯಾಂಡುಗಳ ಒಳಗೆ ಕುಳಿತಿರುತ್ತದೆ. ಈ ಮೂರೂ ಗಂಟೆಗೆ 21,600 ಬಾರಿ, ಅಂದರೆ ಸೆಕೆಂಡಿಗೆ ಆರು ಬಾರಿ ಬಡಿಯುವ ಗಟ್ಟಿ ಮಷಿನ್‌ಗಳು. ಅಂಗಡಿಯವರಿಗೆ ಮಷಿನ್ ಹೆಸರು ಗೊತ್ತಿಲ್ಲದಿದ್ದರೆ ಆ ವಾಚನ್ನು ಅಲ್ಲೇ ಇಟ್ಟು ಬನ್ನಿ.

ಅಗ್ರಹಾರದ ಮೇಷ್ಟ್ರು
ಮಗಳೇ, ಹೊಸದರ ಮಾತು ಆಮೇಲೆ. ನಿಮ್ಮ ತಂದೆಯವರ ಜನತಾವನ್ನು ಮೊದಲು ಒಬ್ಬ ಒಳ್ಳೆಯ ರಿಪೇರಿಯವರ ಕೈಗೆ ಕೊಡಿ. ಆರು ವರ್ಷದಿಂದ ನಿಂತಿದೆ ಎಂದರೆ ಕೆಟ್ಟಿದೆ ಎಂದೇ ಅರ್ಥವಲ್ಲ, ಎಣ್ಣೆ ಒಣಗಿರುವ ಸಾಧ್ಯತೆಯೇ ಹೆಚ್ಚು.

ನನ್ನದೂ ಎಚ್‌ಎಂಟಿಯೇ, ಪೈಲಟ್, ಕಪ್ಪು ಡಯಲಿನದು. ಮೊನ್ನೆ ಅದನ್ನು ಬಿಚ್ಚುವಾಗ ಪಕ್ಕದಲ್ಲೇ ಕುಳಿತು ನೋಡಿದೆ. ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂಬದಿ ಮುಚ್ಚಳ ತೆಗೆದು, ಅತ್ತಿತ್ತ ಆಡುತ್ತ ವಾಚಿನ ಲಯ ಹಿಡಿಯುವ ಬ್ಯಾಲೆನ್ಸ್ ಚಕ್ರವನ್ನು ಚಿಮ್ಮಟದ ತುದಿಯಿಂದ ಸೋಕಿದರು. ಅದು ಎರಡು ಸಲ ಅತ್ತಿತ್ತ ಆಡಿ, ದಣಿದವರ ಹಾಗೆ ನಿಂತಿತು. ಒಂದು ಕಲ್ಲಿನ ಸುತ್ತ ಹಲಸಿನ ಮೇಣದ ಬಣ್ಣದ ಕಲೆ ಕಾಣಿಸಿತು. ಅದೇ ಹಳೆಯ ಎಣ್ಣೆ. ಒಂದೊಂದೇ ಭಾಗವನ್ನು ಬಿಚ್ಚಿ, ಗಾಜಿನ ಬಟ್ಟಲಿನಲ್ಲಿ ತೊಳೆದು, ಸೂಜಿಯ ಮೊನೆಯಷ್ಟು ಎಣ್ಣೆಯನ್ನು ಕಲ್ಲಿನ ಕುಳಿಗೆ ಮುಟ್ಟಿಸಿದರು. ಜೋಡಿಸಿ ಕೊನೆಗೆ ಬ್ಯಾಲೆನ್ಸ್ ಇಟ್ಟಾಗ, ಕೀಯನ್ನು ಎರಡು ಸುತ್ತು ತಿರುಗಿಸುವುದರೊಳಗೆ ತಾನೇ ಓಡತೊಡಗಿತು. 71ರ ವಯಸ್ಸಿನಲ್ಲಿ ನನಗೆ ಕಣ್ಣು ತುಂಬಿ ಬಂತು.

ಎಚ್‌ಎಂಟಿ ವಾಚು ಕಾರ್ಖಾನೆ ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಆರಂಭವಾಯಿತು. ವಾಚು ಘಟಕವನ್ನು ಮುಚ್ಚಿದ್ದು 2016ರಲ್ಲಿ. ತುಮಕೂರಿನಲ್ಲೂ ಕಾರ್ಖಾನೆ ಇತ್ತು. ನಮ್ಮ ರಾಜ್ಯದ ಯಾವ ಪೇಟೆಯ ಹಳೆಯ ರಿಪೇರಿಯವರಿಗೂ ಆ ಮಷಿನ್ ಕಣ್ಣುಮುಚ್ಚಿಕೊಂಡು ಗೊತ್ತು. ಅದಕ್ಕಿಂತ ದೊಡ್ಡ ಗ್ಯಾರಂಟಿ ಕಾರ್ಡು ಬೇಕೇ?

ಕುವೆಂಪುನಗರ 40
ಮೇಷ್ಟ್ರ ಮಾತಿಗೆ ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪುವುದಿಲ್ಲ. ಮನೆಯ ಜನತಾ ಸರಿಮಾಡಿಸುವುದು ಖಂಡಿತ ಒಳ್ಳೆಯದು. ಆದರೆ ಇದನ್ನು ಓದಿ ಯಾರೂ ಆನ್‌ಲೈನಿನಲ್ಲಿ ಹಳೆಯ ಎಚ್‌ಎಂಟಿ ಕೊಳ್ಳಲು ಹೋಗಬೇಡಿ. ಅಲ್ಲಿ ಕಡಿಮೆ ಬೆಲೆಗೆ ಸಿಗುವ ಬಹಳಷ್ಟು ವಾಚುಗಳು ಹೊಸದಾಗಿ ಮುದ್ರಿಸಿದ ಡಯಲು, ನಾಲ್ಕು ವಾಚುಗಳಿಂದ ಕಿತ್ತು ತಂದ ಬಿಡಿಭಾಗ, ಪಾಲಿಷ್ ಹೊಡೆದು ಅಂಚು ಸವೆದ ಕೇಸು ಇವುಗಳ ಕೂಡಿಕೆ. ನಾನು ಹಾಗೆ ಒಂದನ್ನು ತರಿಸಿ ಮೋಸಹೋದೆ. ಬಂದದ್ದು ಗಿಳಿಹಸಿರು ಡಯಲಿನ ಪೈಲಟ್. ಕಾರ್ಖಾನೆ ಅಂಥ ಬಣ್ಣವನ್ನು ಮಾಡಿರಲಿಲ್ಲವೆಂದು ನನ್ನ ರಿಪೇರಿಯವರು ನೋಡಿದೊಡನೆಯೇ ಹೇಳಿದರು. ಅಕ್ಷರಗಳ ಅಂಚು ಹರಡಿತ್ತು, ಸೆಕೆಂಡ್ ಮುಳ್ಳು ನಿಮಿಷದ ಗೆರೆಯನ್ನು ಮುಟ್ಟುತ್ತಲೇ ಇರಲಿಲ್ಲ. ಹತ್ತು ದಿನಕ್ಕೆ ನಿಂತಿತು.

ಕೊಳ್ಳಲೇಬೇಕಾದರೆ ಪರಿಚಯದವರ ಮನೆಯ ವಾಚು ಕೊಳ್ಳಿ, ಇಲ್ಲವೇ ನಂಬಿಕೆಯ ರಿಪೇರಿಯವರ ಅಂಗಡಿಯಲ್ಲಿ ಮುಚ್ಚಳ ತೆಗೆಸಿ ನೋಡಿ ಕೊಳ್ಳಿ.

ಪಾಂಡವಪುರ
ಹೊಲದ ಕೆಲಸ ಮಾಡುವವರ ಅನುಭವವನ್ನೂ ಕೇಳಿ. ನಾನು ಎಂಟು ವರ್ಷದಿಂದ ಸೀಕೊ 5 ಕಟ್ಟುತ್ತಿದ್ದೇನೆ, ಕಬ್ಬಿಗೆ ನೀರು ಕಟ್ಟುವಾಗಲೂ ಕೈಯಲ್ಲೇ ಇರುತ್ತದೆ. ಬೈಕಿನ ಅದುರಿಗೆ ಏನೂ ಆಗಿಲ್ಲ. ಗುದ್ದಲಿ ಹಿಡಿಯುವಾಗ, ತೆಂಗಿನಕಾಯಿ ಸುಲಿಯುವಾಗ ಮಾತ್ರ ಬಿಚ್ಚಿ ಜೇಬಿಗೆ ಹಾಕುತ್ತೇನೆ.

ಹೆಬ್ಬಾಳದ ಇಂಜಿನಿಯರ್
ಪಾಂಡವಪುರದವರು ಮಾಡುತ್ತಿರುವುದೇ ಸರಿ. ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ ಕೂದಲಿನಷ್ಟು ಸಪೂರ. ಅದು ಮುರಿಯದಿರಲೆಂದು ಕಲ್ಲನ್ನು ಪುಟ್ಟ ಸ್ಪ್ರಿಂಗಿನ ಮೇಲೆ ಕೂರಿಸಿರುತ್ತಾರೆ. ಎಚ್‌ಎಂಟಿ ಡಯಲಿನ ಮೇಲೆ ಪ್ಯಾರಾಶಾಕ್ ಎಂದು ಬರೆದಿರುವುದು ಅದನ್ನೇ. ಆ ಏರ್ಪಾಡು ಮೂಲದಲ್ಲಿ ಸಿಟಿಜನ್‌ನದು. ಸೀಕೊದವರು ತಮ್ಮದನ್ನು ಡಯಾಶಾಕ್ ಎನ್ನುತ್ತಾರೆ. ಬೈಕಿನ ಅದುರನ್ನು ಇವು ತಡೆಯುತ್ತವೆ, ಗುದ್ದಲಿಯ ಪೆಟ್ಟನ್ನು ದಿನವೂ ತಡೆಯುತ್ತವೆಂದು ನಂಬಿ ಕೂರಬಾರದು.

ಸರಸ್ವತಿಪುರಂ
ಇಷ್ಟೆಲ್ಲ ಕಷ್ಟ ಯಾಕೆ ಎಂಬುದು ನನ್ನ ಪ್ರಾಮಾಣಿಕ ಪ್ರಶ್ನೆ. ನನ್ನ ಸೆಲ್ ವಾಚಿನ ಬೆಲೆ 1,500 ರೂಪಾಯಿ, ತಿಂಗಳಿಗೆ 15 ಸೆಕೆಂಡ್ ಕೂಡ ತಪ್ಪುವುದಿಲ್ಲ. ನೀವು ಹೇಳುವ 4ಆರ್36 ದಿನಕ್ಕೆ 45 ಸೆಕೆಂಡ್ ಮುಂದೆ ಅಥವಾ 35 ಸೆಕೆಂಡ್ ಹಿಂದೆ ಹೋದರೂ ಸರಿಯಾಗಿದೆ ಎಂದು ಕಂಪನಿಯೇ ಬರೆದುಕೊಂಡಿದೆ. ಹತ್ತು ಪಟ್ಟು ಹಣ ಕೊಟ್ಟು ತಪ್ಪು ಸಮಯ ಕೊಳ್ಳುವುದೇ?

ಅಗ್ರಹಾರದ ಮೇಷ್ಟ್ರು
ಸರಸ್ವತಿಪುರದವರೇ, ಆ ಮಗಳು ಸೆಲ್ ವಾಚು ಬೇಡ ಎಂದು ಮೊದಲ ಸಾಲುಗಳಲ್ಲೇ ಬರೆದಿದ್ದಾಳೆ. ಆದರೂ ನಿಮ್ಮ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರ ಕೊಡುತ್ತೇನೆ. ದಿನಕ್ಕೆ 86,400 ಸೆಕೆಂಡ್. ಅದರಲ್ಲಿ 30 ಸೆಕೆಂಡ್ ತಪ್ಪಿದರೆ 2,880ಕ್ಕೆ ಒಂದು ತಪ್ಪಿದ ಹಾಗಾಯಿತು. ಸೆಲ್ಲಿಲ್ಲದೆ, ಬರಿಯ ಸ್ಪ್ರಿಂಗು ಮತ್ತು ಹಲ್ಲಿನ ಚಕ್ರಗಳಿಂದ, ಬೆವರುವ ಬೀಸುವ ಕೈಯ ಮೇಲೆ ಕುಳಿತು ಇಷ್ಟು ಕರಾರುವಾಕ್ಕಾಗಿ ಎಣಿಸುವ ಯಂತ್ರವನ್ನು ತಪ್ಪು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ರೈಲು ಹಿಡಿಯುವವರು ವಾರಕ್ಕೊಮ್ಮೆ ಮುಳ್ಳು ಸರಿಪಡಿಸಿಕೊಂಡರೆ ಸಾಕು.

ಹೆಬ್ಬಾಳದ ಇಂಜಿನಿಯರ್
ಇನ್ನೊಂದು ಮಾತು ಸೇರಿಸುತ್ತೇನೆ. ಕಂಪನಿ ಹೇಳುವ +45, −35 ಎಂಬುದು ಹೊರಗಿನ ಎಲ್ಲೆ. ಒಳ್ಳೆಯ ರಿಪೇರಿಯವರು ನಡಿಗೆ ಅಳೆಯುವ ಟೈಮಿಂಗ್ ಮೆಷಿನ್ ಮೇಲಿಟ್ಟು ಹೊಂದಿಸಿದರೆ ಇದೇ ಮಷಿನ್ ದಿನಕ್ಕೆ 10 ಸೆಕೆಂಡಿನ ಒಳಗೆ ನಡೆಯುವುದನ್ನು ನನ್ನ ಎರಡು ವಾಚುಗಳಲ್ಲಿ ಕಂಡಿದ್ದೇನೆ. ಬಹಳ ಕರಾರುವಾಕ್ಕಾದ ವಾಚುಗಳಿಗೆ ಕೊಡುವ ಸ್ವಿಸ್ ಕ್ರೋನೋಮೀಟರ್ ಪ್ರಮಾಣಪತ್ರದ ಮಿತಿಯೇ ದಿನಕ್ಕೆ −4ರಿಂದ +6 ಸೆಕೆಂಡ್. ಅದರ ಬೆಲೆ ಎಲ್ಲಿ, ಇದರ ಬೆಲೆ ಎಲ್ಲಿ.

ಚಿಕ್ಕಗಡಿಯಾರ
ನಮ್ಮ ಕುಟುಂಬ ಎರಡು ತಲೆಮಾರಿನಿಂದ ವಾಚು ರಿಪೇರಿ ಮಾಡಿಕೊಂಡು ಬಂದಿದೆ. ಅಂಗಡಿಯ ಹೆಸರು ಹೇಳುವುದಿಲ್ಲ, ಪ್ರಚಾರಕ್ಕೆ ಬಂದವನಲ್ಲ. ನಮ್ಮ ಮೇಜಿಗೆ ದಿನವೂ ಬರುವುದನ್ನು ಹೇಳುತ್ತೇನೆ.

ವಾಚು ದಿಢೀರನೆ ದಿನಕ್ಕೆ ಐದು ನಿಮಿಷ, ಹತ್ತು ನಿಮಿಷ ಮುಂದೆ ಓಡತೊಡಗಿದರೆ ಹೆಚ್ಚಿನ ಸಲ ಅದಕ್ಕೆ ಕಾಂತ ಹಿಡಿದಿರುತ್ತದೆ. ಫೋನಿನ ಕವರಿನಲ್ಲಿ, ಸ್ಪೀಕರಿನಲ್ಲಿ, ಕೈಚೀಲದ ಗುಂಡಿಯಲ್ಲಿ ಅಯಸ್ಕಾಂತ ಇದ್ದೇ ಇರುತ್ತದೆ. ಬ್ಯಾಲೆನ್ಸ್ ಚಕ್ರವನ್ನು ಆಡಿಸುವ ಸಪೂರ ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಸ್ಪ್ರಿಂಗ್ ಗಿಡ್ಡವಾದಂತಾಗಿ ವಾಚು ಓಡುತ್ತದೆ. ಕಾಂತ ತೆಗೆಯುವುದು ನಿಮಿಷದ ಕೆಲಸ. ಅದಕ್ಕೆ ಪೂರ್ತಿ ಸರ್ವೀಸ್ ಆಗಬೇಕು ಎಂದು ಯಾರಾದರೂ ಹೇಳಿದರೆ ಇನ್ನೊಬ್ಬರಿಗೆ ತೋರಿಸಿ.

ಎರಡನೆಯದು ತಾರೀಖು. ರಾತ್ರಿ 9ರಿಂದ ಬೆಳಗಿನ ಜಾವ 4ರವರೆಗೆ ಕೀ ಎಳೆದು ತಾರೀಖು ಬದಲಿಸಬೇಡಿ. ಆ ಹೊತ್ತಿನಲ್ಲಿ ತಾರೀಖಿನ ಚಕ್ರದ ಹಲ್ಲು ಕಚ್ಚಿಕೊಂಡಿರುತ್ತದೆ, ಒತ್ತಾಯ ಮಾಡಿದರೆ ಮುರಿಯುತ್ತದೆ. ಮುಳ್ಳನ್ನು 6ಕ್ಕೆ ತಂದು ಆಮೇಲೆ ಬದಲಿಸಿ.

ಮೂರನೆಯದು ನೀರು. ಮುಚ್ಚಳದ ಮೇಲೆ 3 ಬಾರ್ ಅಥವಾ 30 ಮೀಟರ್ ಎಂದಿದ್ದರೆ ಅದು ಕೈ ತೊಳೆಯುವುದಕ್ಕೆ, ತುಂತುರು ಮಳೆಗೆ ಮಾತ್ರ. ಕೆಆರ್‌ಎಸ್ ಹಿನ್ನೀರಿನಲ್ಲಿ ಈಜಿ ಬಂದು 30 ಮೀಟರ್ ಎಂದು ಬರೆದಿದೆಯಲ್ಲ ಎಂದು ಜಗಳವಾಡಿದವರಿದ್ದಾರೆ. ಈಜುವವರಿಗೆ 100 ಮೀಟರಿನದು ಬೇಕು, ಅದರ ರಬ್ಬರ್ ವಾಷರ್ ಕೂಡ ಹಳತಾಗಿರಬಾರದು. ಬಿಸಿನೀರಿನ ಸ್ನಾನಕ್ಕೆ ಯಾವ ವಾಚನ್ನೂ ಕಟ್ಟಬೇಡಿ.

ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ವಾಚು ಆರಿಸುವುದಕ್ಕೆ ಮುಂಚೆ ನಿಮ್ಮ ರಿಪೇರಿಯವರನ್ನು ಆರಿಸಿ. ಅವರ ಹತ್ತಿರ ಹೋಗಿ ಯಾವ ಮಷಿನಿಗೆ ಬಿಡಿಭಾಗ ಸಿಗುತ್ತದೆ, ಯಾವುದನ್ನು ಬಿಚ್ಚಲು ಅವರಿಗೆ ಧೈರ್ಯವಿದೆ ಎಂದು ಕೇಳಿ. ಐದು ವರ್ಷಕ್ಕೊಮ್ಮೆ ತೊಳೆದು ಎಣ್ಣೆ ಹಾಕುವ ಕೈ ಊರಿನಲ್ಲಿ ಇಲ್ಲದಿದ್ದರೆ ಲಕ್ಷದ ವಾಚೂ ಬೀರುವಿಗೇ ಸೇರುತ್ತದೆ.

ಯಾದವಗಿರಿ
ಚಿಕ್ಕಗಡಿಯಾರದವರ ಕೊನೆಯ ಮಾತನ್ನು ಒಪ್ಪಿದೆ. ನಾನು ಹೆಸರು ನೋಡಿ ಒಂದು ವಾಚು ಕೊಂಡು, ಸರ್ವೀಸಿಗೆ ಹೊರರಾಜ್ಯಕ್ಕೆ ಕಳಿಸಿ ಮೂರು ತಿಂಗಳು ಕಾದವನು. ಹಾಗಾದರೆ ಟೈಟನ್ ಆಟೋಮ್ಯಾಟಿಕ್ ಹೇಗೆ? ಹೊಸೂರಿನ ಕಾರ್ಖಾನೆ, ಹತ್ತಿರದಲ್ಲೇ ಮಳಿಗೆ.

ಚಿಕ್ಕಗಡಿಯಾರ
ಸರ್ವೀಸಿನ ಅನುಕೂಲ ಬೇಕು ಎನ್ನುವವರಿಗೆ ಅದು ಯೋಗ್ಯವೇ. ಆದರೆ ಪ್ರತಿ ಮಾದರಿಯ ಗಾತ್ರವನ್ನು ಕೈಗೆ ಕಟ್ಟಿ ನೋಡಿ.

ಲಷ್ಕರ್ ಮೊಹಲ್ಲಾ
ಗಾತ್ರದ ವಿಷಯ ನಾನು ಹೇಳುತ್ತೇನೆ, ಏಕೆಂದರೆ ನನ್ನದೂ ಸಣ್ಣ ಕೈಯೇ ಅಕ್ಕಾ. ಡಯಲಿನ ಅಗಲ ನೋಡುವುದು ಸಾಲದು. ಬೆಲ್ಟು ಸೇರುವ ಮೇಲಿನ ಮೊನೆಯಿಂದ ಕೆಳಗಿನ ಮೊನೆಯವರೆಗೆ ಅಳೆಯಿರಿ. ಅದು ಮಣಿಕಟ್ಟಿನ ಮೇಲ್ಭಾಗದ ಅಗಲವನ್ನು ಮೀರಿದರೆ ವಾಚು ಕೈಯ ಆಚೆಗೆ ಚಾಚಿಕೊಂಡು ಬಾಗಿಲಿಗೆ, ಗೋಡೆಗೆ ತಾಗುತ್ತಿರುತ್ತದೆ. ನಾನು ಮಣಿಕಟ್ಟಿಗೆ ದಾರ ಸುತ್ತಿ ಸ್ಕೇಲಿನ ಮೇಲಿಟ್ಟು ನೋಡಿದೆ, 14.5 ಸೆಂಟಿಮೀಟರ್ ಬಂತು. 34ರಿಂದ 37 ಮಿ.ಮೀ. ನನಗೆ ಸರಿಯಾಗುತ್ತದೆ. ಗಂಡಸರ ವಾಚು, ಹೆಂಗಸರ ವಾಚು ಎಂಬ ಅಂಗಡಿಯ ವಿಂಗಡಣೆಯನ್ನು ದಯವಿಟ್ಟು ನಂಬಬೇಡಿ. ಹಿಂದೆ ಗಂಡಸರೆಲ್ಲ ಕಟ್ಟುತ್ತಿದ್ದದ್ದು ಇದೇ ಗಾತ್ರದ್ದು.

ಬೆಲ್ಟಿನ ಅಗಲ 18, 20 ಅಥವಾ 22 ಮಿ.ಮೀ. ಇರಲಿ. 19, 21 ಇದ್ದರೆ ಮುಂದೆ ಬೆಲ್ಟು ಹುಡುಕಿ ಅಲೆಯಬೇಕಾಗುತ್ತದೆ.

ಕುವೆಂಪುನಗರ 40
ಗಾಜಿನ ಬಗ್ಗೆ ಯಾರೂ ಬರೆಯಲಿಲ್ಲ. ಸಫೈರ್ ಗೀರು ಬೀಳದು, ಆದರೆ ಬಲವಾಗಿ ಬಡಿದರೆ ಒಡೆಯಬಹುದು. ಮಿನರಲ್ ಗಾಜಿಗೆ ಗೀರು ಬಿದ್ದರೆ ಬದಲಿಸುವುದೇ ಮೇಲು, ಅದಕ್ಕೆ ಹೆಚ್ಚು ಹಣ ಬೇಕಾಗುವುದಿಲ್ಲ. ಹಳೆಯ ಎಚ್‌ಎಂಟಿಗಳಲ್ಲಿ ಗಾಜಿನ ಬದಲು ಇರುವ ಅಕ್ರಿಲಿಕ್ ಪ್ಲಾಸ್ಟಿಕ್‌ನ ಸಣ್ಣ ಗೀರುಗಳನ್ನು ಮನೆಯಲ್ಲೇ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ತೆಗೆಯಬಹುದು. ಮಷಿನ್ ಬಿಟ್ಟು ಗಾಜಿಗಾಗಿ ಹಣ ಸುರಿಯಬೇಡಿ.

ಮಂಡ್ಯದ ರೈಲು
ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಮೇಷ್ಟ್ರೇ, ನೀವು ಹೇಳಿದ್ದೇ ನಿಜವಾಯಿತು. ದೇವರಾಜ ಮಾರುಕಟ್ಟೆಯ ಹತ್ತಿರದ ಹಿರಿಯ ರಿಪೇರಿಯವರೊಬ್ಬರು ಜನತಾವನ್ನು ಬಿಚ್ಚಿ, ಎಣ್ಣೆ ಒಣಗಿದ್ದಲ್ಲದೆ ಬೇರೇನೂ ಆಗಿಲ್ಲ ಎಂದರು. 900 ರೂಪಾಯಿ ತೆಗೆದುಕೊಂಡು ಒಂದು ವಾರಕ್ಕೆ ಕೊಟ್ಟರು. ಅದನ್ನು ಕಟ್ಟಿಕೊಂಡು ದೊಡ್ಡ ಗಡಿಯಾರದ ಕೆಳಗೆ ಹಾದು ಬರುವಾಗ, ಆ ಕನ್ನಡ ಅಂಕಿಗಳ ಕೆಳಗೆ ನಿಂತು ಸಮಯ ಹೊಂದಿಸಿಕೊಂಡೆ. ಅದನ್ನು ನಾನೇ ಕಟ್ಟಿಕೊಳ್ಳಬೇಕೆಂದಿದ್ದೆ. ಮನೆಗೆ ಬಂದು ತಂದೆಯವರ ಕೈಗಿತ್ತೆ. ಕಿವಿಯ ಹತ್ತಿರ ಹಿಡಿದು ಬಹಳ ಹೊತ್ತು ಕೇಳಿದರು, ಆಮೇಲೆ ತಮ್ಮ ಕೈಗೇ ಕಟ್ಟಿಕೊಂಡರು. ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಮತ್ತೆ ಆ ಕೀ ಕೊಡುವ ಸದ್ದು ಕೇಳಿಸಿತು. ಈಗ ಅವರಿಂದ ಅದನ್ನು ಕೇಳುವ ಪ್ರಶ್ನೆಯೇ ಇಲ್ಲ.

ಹೀಗಾಗಿ ನನಗೊಂದು ಬೇಕೇ ಆಯಿತು. ಅದೇ ರಿಪೇರಿಯವರನ್ನು ಕೇಳಿದಾಗ, ಸೀಕೊ 7ಎಸ್26 ಆದರೆ ಬಿಡಿಭಾಗ ತಮ್ಮ ಡಬ್ಬಿಯಲ್ಲೇ ಇವೆ ಎಂದರು. ಅಂಗಡಿಯೊಂದರಲ್ಲಿ ಉಳಿದಿದ್ದ 37 ಮಿ.ಮೀ. ಸೀಕೊ 5 ಸಿಕ್ಕಿತು, 14,500 ರೂಪಾಯಿ. ಹಿಂಬದಿಯ ಗಾಜಿನಿಂದ ಮಷಿನ್ ಕಾಣುತ್ತದೆ. ದಿನಕ್ಕೆ 14 ಸೆಕೆಂಡ್ ಮುಂದಿದೆ. ಕೀ ಕೊಡಲು ಬಾರದೆಂಬ ಒಂದು ಕೊರತೆ ಮನಸ್ಸಿನಲ್ಲಿದೆ. ಶುಕ್ರವಾರ ರಾತ್ರಿ 9ಕ್ಕೆ ಬಿಚ್ಚಿಟ್ಟದ್ದು ಭಾನುವಾರ ಮಧ್ಯಾಹ್ನ ನಿಂತಿತ್ತು. ಸೋಮವಾರ ಬೆಳಿಗ್ಗೆ ಅದನ್ನು ಅಲ್ಲಾಡಿಸಿ ಹೊರಡಿಸಿದರೆ ಹಾನಿಯಿದೆಯೇ?

ಹೆಬ್ಬಾಳದ ಇಂಜಿನಿಯರ್
ಹಾನಿಯಿಲ್ಲ ಮೇಡಂ. ಒಳಗಿರುವ ಅರ್ಧಚಂದ್ರಾಕಾರದ ತೂಕ ಸುತ್ತಬೇಕು, ಅಷ್ಟೇ. ವಾಚನ್ನು ಮಟ್ಟಸವಾಗಿ ಹಿಡಿದು ಮೆಲ್ಲಗೆ ವೃತ್ತಾಕಾರವಾಗಿ 30 ಸಲ ಆಡಿಸಿ, ಮುಳ್ಳು ಹೊಂದಿಸಿ, ಕಟ್ಟಿಕೊಂಡು ಹೊರಡಿ. ಉಳಿದದ್ದನ್ನು ನಿಮ್ಮ ಕೈಯ ಓಡಾಟವೇ ಸುತ್ತುತ್ತದೆ. ಜೋರಾಗಿ ಕುಲುಕುವ ಅಗತ್ಯವಿಲ್ಲ.

14 ಸೆಕೆಂಡಿನ ವಿಷಯದಲ್ಲೂ ಒಂದು ಪ್ರಯೋಗ ಮಾಡಿ ನೋಡಿ. ರಾತ್ರಿ ಒಂದು ವಾರ ಡಯಲು ಮೇಲಾಗಿ, ಇನ್ನೊಂದು ವಾರ ಕೀ ಮೇಲಾಗಿ ನಿಲ್ಲಿಸಿ ಇಡಿ. ಇಡುವ ಭಂಗಿಗೆ ತಕ್ಕಂತೆ ನಡಿಗೆ ಬದಲಾಗುತ್ತದೆ. ಹಗಲು ಮುಂದೆ ಹೋದದ್ದನ್ನು ರಾತ್ರಿಯ ಒಂದು ಭಂಗಿ ಹಿಂದಕ್ಕೆ ತರಬಹುದು. ಎರಡೂ ವಾರದ ಲೆಕ್ಕವನ್ನು ಬರೆದಿಟ್ಟುಕೊಳ್ಳಿ.

ಚಿಕ್ಕಗಡಿಯಾರ
ಹೊಸ ವಾಚು ಮೊದಲ ಕೆಲವು ತಿಂಗಳು ಸ್ವಲ್ಪ ಅತ್ತಿತ್ತ ನಡೆಯುತ್ತದೆ. ವಾರಂಟಿ ಮುಗಿಯುವವರೆಗೆ ಯಾರ ಕೈಯಲ್ಲೂ ಮುಚ್ಚಳ ತೆಗೆಸಬೇಡಿ, ನಿಮ್ಮ ಆ ಹಿರಿಯರಿಂದಲೂ ಕೂಡ. ಕಾರ್ಡಿನ ಮೇಲೆ ಅಂಗಡಿಯ ಮೊಹರು, ಕೊಂಡ ತಾರೀಖು ಇವೆಯೇ ಎಂದು ಇವತ್ತೇ ನೋಡಿಕೊಳ್ಳಿ.

ಮಂಡ್ಯದ ರೈಲು
ನೋಡಿದೆ ಸರ್. ಮೊಹರು ಇದೆ, ತಾರೀಖು ಬರೆದಿಲ್ಲ. ನಾಳೆ ಸಂಜೆ ರೈಲಿಗೆ ಮುಂಚೆ ಅಂಗಡಿಗೆ ಹೋಗಿ ಬರೆಸಿಕೊಂಡು ಬರುತ್ತೇನೆ.